ನದಿಯಂಚಿನವರ ಗಮನಕ್ಕೆ

ಏಪ್ರಿಲ್ 9

ಅಕ್ಕಾ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಾಳೆ, ಇವಳಿಗೇನು ಬಂತು ಎನ್ನಬೇಡ. ಫೋನಿನಲ್ಲಿ ನಿನ್ನ ಜೊತೆ ಮಾತಾಡಲು ನನ್ನಿಂದ ಆಗುವುದಿಲ್ಲ. 'ಊಟ ಆಯ್ತಾ' ಎಂದು ಕೇಳಿದರೂ ಅಣೆಕಟ್ಟಿನ ನೀರಿನ ಮಟ್ಟ ಓದಿದ ಹಾಗೇ ಇರುತ್ತದೆ. ಇಷ್ಟು ವರ್ಷ ರೇಡಿಯೊದಲ್ಲಿ ನದಿಯ ಎಚ್ಚರಿಕೆ ಓದಿ ಓದಿ ನಿನ್ನ ಗಂಟಲು ಸರ್ಕಾರದ್ದಾಗಿಬಿಟ್ಟಿದೆ. ಕಾಗದದಲ್ಲಾದರೆ ನೀನು ನನ್ನ ಅಕ್ಕ.

ಇಲ್ಲಿ ಲಾಂಡ್ರಿ ಎಂದಿನಂತೆ. ಹೋಟೆಲುಗಳ ಚಾದರಗಳು ಹಿತ್ತಿಲಲ್ಲಿ ಒಣಗುತ್ತಿವೆ, ಹಿತ್ತಿಲು ಮುಗಿದಲ್ಲಿ ನದಿ. ಇವರು ಬೆಳಿಗ್ಗೆ ವ್ಯಾನಿನಲ್ಲಿ ಬಟ್ಟೆ ತುಂಬಿಕೊಂಡು ಹೋದರೆ ಬರುವುದು ಸಂಜೆಗೆ. ಅತ್ತೆ ರೇಡಿಯೊ ಪಕ್ಕ ಕೂತು ದಿಂಬಿನ ಚೀಲ ಮಡಚುತ್ತಾರೆ. ಅವರ ಮಂಡಿ ಈಗ ಪೂರ್ತಿ ಕೈಕೊಟ್ಟಿದೆ, ಬಾಗಿಲವರೆಗೆ ಬರಬೇಕಾದರೂ ನನ್ನ ಹೆಗಲು ಬೇಕು. ಹೋದ ವರ್ಷ ಅಣೆಕಟ್ಟಿನ ಗೇಟು ತೆಗೆದಾಗ ಅವರನ್ನು ಬಟ್ಟೆಯ ತಳ್ಳುಗಾಡಿಯಲ್ಲಿ ಕೂರಿಸಿ ದಿಬ್ಬದ ಮೇಲಿನ ಶಾಲೆಗೆ ತಳ್ಳಿದೆನಲ್ಲ, ನಿನ್ನ ದನಿ ಕೇಳಿದ ತಕ್ಷಣ ಹೊರಟದ್ದಕ್ಕೆ ಉಳಿದೆವು. ಸ್ವಲ್ಪ ಯೋಚಿಸುತ್ತಾ ನಿಂತಿದ್ದರೂ ನಮ್ಮ ಕಥೆ ಮುಗಿಯುತ್ತಿತ್ತು. ನೀನು "ನದಿಯಂಚಿನವರ ಗಮನಕ್ಕೆ" ಎಂದರೆ ಸಾಕು, ಅತ್ತೆ ಮಡಚುತ್ತಿದ್ದುದನ್ನು ಬಿಟ್ಟು "ಗಾಡಿ ತಾ" ಎನ್ನುತ್ತಾರೆ. ಮುಂದಿನ ಮಾತು ಕೇಳುವುದೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಈ ಚುನಾವಣೆಯಲ್ಲಿ ನದಿಗೆ ತಡೆಗೋಡೆ ಕಟ್ಟುತ್ತೇವೆ ಎನ್ನುವವರು ಒಂದೇ ಪಕ್ಷದವರು. ರೇಡಿಯೊದಲ್ಲಿ ಅದರ ಜಾಹೀರಾತು ಹಾಕುತ್ತಾರಂತೆ, ಅದಕ್ಕೆ ನಿನ್ನ ದನಿ ಬೇಕಂತೆ. ನಮ್ಮ ಓಣಿಯವರೆಲ್ಲ ಬಂದು ನನ್ನನ್ನು ಹಿಡಿದುಕೊಂಡಿದ್ದಾರೆ. ಒಪ್ಪಿಕೋ ಅಕ್ಕ. ಪ್ರತಿ ಮಳೆಗಾಲ ಜೀವ ಕೈಯಲ್ಲಿ ಹಿಡಿದುಕೊಂಡು ಇಸ್ತ್ರಿ ಮಾಡಿ ಸಾಕಾಗಿದೆ.

ಉತ್ತರ ಬೇಗ ಬರಲಿ,
ಮಿಡತೆ


ಏಪ್ರಿಲ್ 18

ಮಿಡತೆ,

ನಿನ್ನ ಕಾಗದವನ್ನು ಸ್ಟುಡಿಯೊ ಮೆಟ್ಟಿಲ ಮೇಲೆ ಕೂತು ಓದಿದೆ. ತಕ್ಷಣ ಹೂಂ ಎನ್ನಲು ಮನಸ್ಸು ಬರಲಿಲ್ಲ.

ರೇಡಿಯೊ, ಟೀವಿಯಲ್ಲಿ ಪಕ್ಷಗಳ ಜಾಹೀರಾತನ್ನೇ ನಿಷೇಧಿಸಬೇಕೆಂಬ ಮಸೂದೆಯೊಂದು ಸಮಿತಿಯ ಮುಂದಿದೆ. ನಮ್ಮ ಕ್ಯಾಂಟೀನಿನಲ್ಲಿ ಈಗ ಅದೇ ಮಾತು. ನಮ್ಮ ಸೌಂಡ್ ಎಂಜಿನಿಯರ್, ಅದೇ ಉದ್ದ ಮೂಗಿನವನು, ನಿಷೇಧದ ಪರ. "ದುಡ್ಡಿದ್ದೋನ ಬಾಯಿಗೆ ಮೈಕ್ ಹಿಡಿಯೋದೇ ನಮ್ಮ ಕೆಲಸ ಆಗೋಗಿದೆ" ಎಂದ. ನಾನು ಬಿಡಲಿಲ್ಲ. "ಜಾಹೀರಾತು ನಿಂತ್ರೆ ನಮ್ಮ ತಂಗಿ ಮನೆ ಹಿಂದಿನ ಗೋಡೆ ವಿಚಾರ ಯಾರು ಎತ್ತುತ್ತಾರೆ? ಸುದ್ದೀಲಿ ಅದಕ್ಕೆ ಎರಡು ಸಾಲು ಸಿಗಲ್ಲ" ಎಂದೆ.

ಆದರೂ ಪಕ್ಷದವರು ತಂದುಕೊಟ್ಟ ಜಾಹೀರಾತಿನ ಬರಹದ ಮೊದಲ ಸಾಲು ನೋಡಿ ನನಗೆ ಕಸಿವಿಸಿಯಾಯಿತು. "ನದಿಯಂಚಿನವರ ಗಮನಕ್ಕೆ" ಎಂದೇ ಶುರುವಾಗುತ್ತದೆ. ಅದನ್ನು ತೆಗೆಯಿರಿ, ಉಳಿದದ್ದು ಓದುತ್ತೇನೆ ಎಂದೆ. ಅದಕ್ಕೇ ನಿಮ್ಮ ಹತ್ತಿರ ಬಂದದ್ದು ಎಂದರು. ನಮ್ಮ ನಿಲಯದ ಮುಖ್ಯಸ್ಥರನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು: "ಆ ಮಾತು ಯಾರ ಸ್ವತ್ತೂ ಅಲ್ಲ. ನಿಮ್ಮಿಷ್ಟ."

ಬರಹವನ್ನು ತಿರುಗಿಸಿ ಮುರುಗಿಸಿ ಓದಿದೆ. ಒಂದು ಸುಳ್ಳೂ ಇಲ್ಲ. ಗೋಡೆ ಕಟ್ಟುತ್ತೇವೆಂದು ಹಿಂದಿನವರು ಮಾತು ಕೊಟ್ಟದ್ದು ನಿಜ, ಕಟ್ಟದೆ ಇರುವುದೂ ನಿಜ. ನಾಳೆ ಓದುತ್ತೇನೆ. ಅತ್ತೆಗೆ ಮೊದಲೇ ಹೇಳಿಡು, ಗಾಬರಿಯಾಗದಿರಲಿ.

ಅಕ್ಕ


ಮೇ 2

ಅಕ್ಕಾ,

ಅತ್ತೆಗೆ ಹೇಳಿಡು ಎಂದು ಬರೆದಿದ್ದೆ. ಹೇಳಿದ್ದೆ ಕಣೇ. ಏನು ಪ್ರಯೋಜನ, ನಾನೇ ಮರೆತೆ.

ಮಧ್ಯಾಹ್ನದ ಹಾಡುಗಳ ನಡುವೆ "ನದಿಯಂಚಿನವರ ಗಮನಕ್ಕೆ" ಎಂದು ನಿನ್ನ ದನಿ ಬಂದದ್ದೇ, ಅತ್ತೆ "ಗಾಡಿ ತಾ" ಎಂದರು. ನಾನು ಇಸ್ತ್ರಿ ಯಂತ್ರ ಆರಿಸಿ, ಗಾಡಿಯ ಮೇಲಿದ್ದ ಒಗೆದ ಚಾದರಗಳನ್ನೆಲ್ಲ ನೆಲಕ್ಕೆ ಸುರಿದು, ಅವರನ್ನೆತ್ತಿ ಕೂರಿಸಿಬಿಟ್ಟಿದ್ದೆ. ಅಷ್ಟರಲ್ಲಿ ನೀನು ಗೋಡೆಯ ವಿಷಯಕ್ಕೆ ಬಂದೆ, ಮತ ಕೇಳಿದೆ. ಜಾಹೀರಾತು ಓದು ಎಂದು ನಿನ್ನ ಹತ್ತಿರ ಗೋಗರೆದವಳು ಗಾಡಿ ಹಿಡಿದುಕೊಂಡು ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದಳು. ಚಾದರಗಳನ್ನು ಮತ್ತೆ ಒಗೆಯಬೇಕಾಯಿತು.

ನಮ್ಮದು ಬಿಡು. ಪಕ್ಕದ ಮನೆಯ ಕೊಡೆ ಮಾಮನದು ಇನ್ನೂ ಚಂದ. ಕೊಡೆ ರಿಪೇರಿ ಮಾಡುತ್ತಾರಲ್ಲ, ಅವರೇ. ಅವರ ಹೆಂಡತಿ ಮನೆಯಲ್ಲಿರಲಿಲ್ಲ. ಸಾಮಾನಿನ ಪೆಟ್ಟಿಗೆ ತಲೆಯ ಮೇಲೆ ಹೊತ್ತು, ಕಂಕುಳಲ್ಲಿ ಗಿರಾಕಿಗಳ ಕೊಡೆ ಅವುಚಿಕೊಂಡು, ಶಾಲೆಯವರೆಗೂ ಓಡಿದ್ದಾರೆ. ಅಲ್ಲಿ ಪಾಠ ನಡೆಯುತ್ತಿತ್ತಂತೆ. ಇಳಿದು ಬರುವಾಗ ಇಡೀ ಓಣಿ ಬಾಗಿಲಲ್ಲಿ ನಿಂತು ನಕ್ಕಿತು. "ಮಾಮಾ, ದಿಬ್ಬದ ಮೇಲೆ ಗಾಳಿ ಹೇಗಿದೆ?" ಎಂದು ಕೇಳಿದವಳು ನಾನೇ. ಅವರೂ ನಕ್ಕರು. ಆದರೆ ಮರುದಿನ ಹೊರಗೆ ಜಗಲಿಯಲ್ಲಿ ಕೂರಲಿಲ್ಲ, ಒಳಗೇ ಕೆಲಸ ಮಾಡಿದರು.

ಜಾಹೀರಾತು ಚೆನ್ನಾಗಿದೆ. ಎಲ್ಲರೂ ಗೋಡೆಯ ಮಾತೇ ಆಡುತ್ತಿದ್ದಾರೆ. ಒಂದೇ ಒಂದು ನನಗೆ ಹಿಡಿಸುತ್ತಿಲ್ಲ. ನಿನ್ನೆ ನಿನ್ನ ದನಿ ಬಂದಾಗ ಅತ್ತೆ ಮಡಚುವುದನ್ನು ನಿಲ್ಲಿಸಲಿಲ್ಲ.

ಮಿಡತೆ


ಮೇ 11

ಮಿಡತೆ,

ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕು.

ನಿಲಯದಲ್ಲಿ ಒಂದು ನಿಯಮವಿದೆ. ಒಂದು ಪಕ್ಷಕ್ಕೆ ಏನು ಕೊಟ್ಟೆವೋ ಅದನ್ನು ಇನ್ನೊಂದು ಪಕ್ಷ ಕೇಳಿದರೆ ಕೊಡಲೇಬೇಕು. ಅಷ್ಟೇ ಹೊತ್ತು, ಅದೇ ವೇಳೆ. ದನಿಯೂ ಅದರಲ್ಲಿ ಸೇರುತ್ತದೆ ಎಂದು ನಮಗಾರಿಗೂ ಹೊಳೆದಿರಲಿಲ್ಲ. ಎದುರು ಪಕ್ಷದವರಿಗೆ ಹೊಳೆಯಿತು. ಒಳ್ಳೆಯ ನಿಯಮವೇ ಅದು, ಎಷ್ಟೋ ಸಲ ನಾನೇ ಅದರ ಪರ ವಾದಿಸಿದ್ದೇನೆ. ಮಾಡುವುದಿಲ್ಲ ಎಂದರೆ ಮೊದಲಿನದನ್ನೂ ಮಾಡಬಾರದಿತ್ತು ಎಂದರು ಮುಖ್ಯಸ್ಥರು. ಒಪ್ಪಿಕೊಂಡೆ.

ಅವರ ಬರಹ ಹೀಗಿದೆ: "ನದಿಯಂಚಿನವರ ಗಮನಕ್ಕೆ. ನದಿ ಶಾಂತವಾಗಿದೆ. ಭಯ ಹುಟ್ಟಿಸಿ ಮತ ಕೇಳುವವರನ್ನು ನಂಬಬೇಡಿ. ನೆಮ್ಮದಿಯಿಂದಿರಿ." ಇದರಲ್ಲೂ ಸುಳ್ಳಿಲ್ಲ ನೋಡು. ಈ ಹೊತ್ತಿಗೆ ನದಿ ಶಾಂತವಾಗಿಯೇ ಇದೆ.

ಕೆಟ್ಟದಾಗಿ ಓದಬೇಕೆಂದೇ ಹೋಗಿ ಕೂತೆ. ಉಸಿರು ತಪ್ಪಿಸಿದೆ, ಸಾಲು ನುಂಗಿದೆ. ಉದ್ದ ಮೂಗಿನವನು ಗಾಜಿನ ಆಚೆಯಿಂದ, "ಏನಾಯ್ತು ಇವತ್ತು? ಮೈ ಹುಷಾರಿಲ್ವಾ? ಇನ್ನೊಂದ್ಸಲ ತಗೊಳ್ಳೋಣ" ಎಂದ. ನನಗೆ ರೋಷ ಬಂತು. ಎರಡನೆಯ ಸಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓದಿದೆ. ಹೇಳಲು ನಾಚಿಕೆಯಾಗುತ್ತದೆ, ಗೋಡೆಯದಕ್ಕಿಂತ ಇದೇ ಚೆನ್ನಾಗಿ ಬಂದಿದೆ.

ಸೋಮವಾರದಿಂದ ಎರಡೂ ಬರುತ್ತವೆ. ಬೈಯುವುದಿದ್ದರೆ ಬೈದು ಬರೆ, ಬರೆಯದೆ ಮಾತ್ರ ಇರಬೇಡ.

ಅಕ್ಕ


ಮೇ 20

ಅಕ್ಕಾ,

ಬೈಯುವುದಿಲ್ಲ. ಅತ್ತೆ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. "ಒಂದು ಹಾಡು ಮುಗಿದ್ರೆ ಹೆದರಿ ಅಂತಾಳೆ, ಇನ್ನೊಂದು ಮುಗಿದ್ರೆ ಹೆದರ್ಬೇಡಿ ಅಂತಾಳೆ. ನಿಮ್ಮಕ್ಕ ಯಾವಾಗ ನಿಜ ಹೇಳ್ತಾಳೆ?" ಎಂದರು. ಅವಳು ಓದುತ್ತಾಳೆ ಅಷ್ಟೇ ಅತ್ತೆ, ಅದು ಅವಳ ಕೆಲಸ ಎಂದೆ. "ಹಾಗಾದ್ರೆ ಇಷ್ಟು ವರ್ಷವೂ ಓದ್ತಾನೇ ಇದ್ಲಾ?" ಎಂದರು.

ಈಗ ನಿನ್ನ "ನದಿಯಂಚಿನವರ" ಎಂಬುದು ಮುಗಿಯುವ ಮೊದಲೇ ಅತ್ತೆ ರೇಡಿಯೊ ಸಣ್ಣ ಮಾಡುತ್ತಾರೆ. ಓಣಿಯುದ್ದಕ್ಕೂ ಹಾಗೇ. ಒಂದೊಂದು ಮನೆಯಲ್ಲೂ ನಿನ್ನ ದನಿ ಕುಗ್ಗುವುದು ಇಸ್ತ್ರಿ ಮೇಜಿನ ಹತ್ತಿರ ನಿಂತರೆ ನನಗೆ ಕೇಳಿಸುತ್ತದೆ. ಕೊಡೆ ಮಾಮ ಮಾತ್ರ ಸಣ್ಣ ಮಾಡುವುದಿಲ್ಲ. ಜಗಲಿಗೆ ವಾಪಸ್ಸು ಬಂದಿದ್ದಾರೆ. "ಈ ಸಲ ಗಂಟಲು ಚೆನ್ನಾಗಿತ್ತು, ಮೊನ್ನೆ ಸ್ವಲ್ಪ ಕಟ್ಟಿತ್ತು" ಎಂದು ನಿನಗೆ ಅಂಕ ಕೊಡುತ್ತಾರೆ. ಮತ್ತೆ ಬೇಸ್ತು ಬೀಳಬಾರದೆಂದು ಹಟ ಹಿಡಿದ ಹಾಗಿದೆ.

ಆ ಮಸೂದೆ ಪಾಸಾಗಲಿ ಎಂದು ಈಗ ಅನ್ನಿಸುತ್ತಿದೆ. ಗೋಡೆಯ ಜಾಹೀರಾತು ಬೇಕೆಂದವಳು ನಾನು, ನಿಷೇಧ ಬೇಕೆನ್ನುವವಳೂ ನಾನು. ನನಗೆ ನಾಚಿಕೆಯಿಲ್ಲ, ಹೆದರಿಕೆ ಇದೆ. ಮೋಡ ಕಟ್ಟುತ್ತಿದೆ. ರಾಶಿ ಬಟ್ಟೆ ಎದುರಿದ್ದರೂ ನದಿ ನೋಡುತ್ತಾ ನಿಲ್ಲುತ್ತೇನೆ.

ಸ್ವಲ್ಪ ದಿನ ಬರೆಯಬೇಡ. ನಿನ್ನ ಅಕ್ಷರ ಕಂಡರೂ ಈಗ ಅದೇ ದನಿ ಕೇಳಿಸುತ್ತದೆ.

ಮಿಡತೆ


ಜೂನ್ 6

ಮಿಡತೆ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ರಿಂಗಾಗಿ ನಿಲ್ಲುತ್ತದೆ. ಯಂತ್ರದ ಸದ್ದಿಗೆ ಕೇಳಿಸುತ್ತಿಲ್ಲವೋ, ಕೇಳಿಸಿಯೂ ಎತ್ತುತ್ತಿಲ್ಲವೋ ತಿಳಿಯದು.

ಮೇಲಿನ ಕಣಿವೆಯಲ್ಲಿ ಮಳೆ ನಿಂತಿಲ್ಲ. ಅಣೆಕಟ್ಟಿನವರು ಕಳಿಸುವ ಹಾಳೆಯಲ್ಲಿ ನೀರಿನ ಮಟ್ಟ ದಿನದಿನಕ್ಕೆ ಏರುತ್ತಿದೆ. ಮುಖ್ಯಸ್ಥರ ಕೋಣೆಗೆ ಹೋಗಿ ಎರಡೂ ಜಾಹೀರಾತು ನಿಲ್ಲಿಸಿ ಎಂದೆ. ಮತದಾನದವರೆಗೆ ಒಪ್ಪಂದ ಇದೆ, ಕಾನೂನು ಇನ್ನೂ ಬಂದಿಲ್ಲ, ನಾವು ಯಾವ ಆಧಾರದ ಮೇಲೆ ನಿಲ್ಲಿಸೋಣ ಎಂದರು. ಹಾಗಾದರೆ ಎಚ್ಚರಿಕೆಯನ್ನು ಬೇರೆ ಯಾರಾದರೂ ಓದಲಿ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಜನ ನಂಬೋದು ನಿಮ್ಮ ದನೀನ" ಎಂದರು.

ಹಾಳೆಯಲ್ಲಿ ಇದ್ದದ್ದಕ್ಕಿಂತ ಒಂದು ಪದ ಹೆಚ್ಚು ಓದುವ ಹಾಗಿಲ್ಲ, ಕಡಿಮೆಯೂ ಓದುವ ಹಾಗಿಲ್ಲ. ಇದು ನಿಜ ಎಂದು ಹೇಳಲು ಆ ಹಾಳೆಯಲ್ಲಿ ಜಾಗವೇ ಇಲ್ಲ ಕಣೇ. ಇಷ್ಟು ವರ್ಷ ಬೇಕಾಗಿರಲಿಲ್ಲ.

ಅತ್ತೆಯನ್ನು ಈಗಲೇ ಎಲ್ಲಾದರೂ ಮೇಲೆ ಇರಿಸು. ರೇಡಿಯೊ ಸಣ್ಣ ಮಾಡಬೇಡಿ ಎಂದು ಹೇಳು. ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೋ, ಆಮೇಲೆ.

ಅಕ್ಕ


ಜೂನ್ 15, ಶಾಲೆಯಿಂದ

ಅಕ್ಕಾ,

ನಾನು, ಅತ್ತೆ, ಇವರು, ಮೂವರೂ ಇದ್ದೇವೆ. ಅದನ್ನು ಮೊದಲು ಬರೆದುಬಿಡುತ್ತೇನೆ. ಲಾಂಡ್ರಿಯ ಅರ್ಧ ಗೋಡೆಯವರೆಗೆ ಕೆಸರಿದೆ. ನಿನ್ನ ಕಾಗದ ನೀರು ಬಂದ ದಿನ ಬೆಳಿಗ್ಗೆ ತಲುಪಿತ್ತು, ಒಡೆದಿರಲಿಲ್ಲ. ಮಡಚಿದ ಬಟ್ಟೆಯ ನಡುವೆ ಸಿಕ್ಕಿಕೊಂಡು ನಮ್ಮ ಜೊತೆ ಬಂದಿತ್ತು, ಇಲ್ಲಿ ಓದಿದೆ.

ಮಧ್ಯಾಹ್ನ ನಿನ್ನ ದನಿ ಬಂದಾಗ ನಾನು ಯಂತ್ರದ ಹತ್ತಿರ ಇದ್ದೆ, ನನಗೆ ಏನೂ ಕೇಳಿಸಿಲ್ಲ. ಅತ್ತೆ "ಬಂತು ನೋಡು" ಎಂದು ಎಂದಿನಂತೆ ಸಣ್ಣ ಮಾಡಿದರಂತೆ, ಪೂರ್ತಿ ಆರಿಸಲಿಲ್ಲ. ನೀನು ಹಾಳೆ ಓದಿ ಮುಗಿಸಿ ಸುಮ್ಮನಾದೆಯಂತೆ. ಆ ಸುಮ್ಮನಿದ್ದದ್ದಕ್ಕೇ ಅವರು ತಲೆ ಎತ್ತಿದ್ದು. ಆಮೇಲೆ ನೀನು ಹೇಳಿದ್ದನ್ನು ಅತ್ತೆ ನನಗೆ ಎಷ್ಟು ಸಲ ಒಪ್ಪಿಸಿದ್ದಾರೆಂದರೆ ನಾನೇ ಕೇಳಿದ ಹಾಗಾಗಿದೆ. "ಮಿಡತೇ, ನಾನು ಕಣೇ, ಅಕ್ಕ. ಇದು ಜಾಹೀರಾತಲ್ಲ. ಗೇಟು ತೆಗ್ದಾಯ್ತು. ಅತ್ತೇನ ಗಾಡೀಲಿ ಕೂರಿಸ್ಕೊಂಡು ಹೊರಡು. ಓಣೀಲಿ ಎಲ್ಲರನ್ನೂ ಎಬ್ಬಿಸು. ಹೊರಡೇ."

ಅತ್ತೆ ಕೈಲಿದ್ದ ಬಟ್ಟೆ ನನ್ನ ಮೇಲೆ ಎಸೆದರು. "ಓದ್ತಾ ಇಲ್ಲ ಅವಳು. ಹೇಳ್ತಾ ಇದಾಳೆ. ಗಾಡಿ ತಾ" ಎಂದರು.

ಗಾಡಿ ತಳ್ಳುತ್ತಾ ಕೂಗಿದೆ. ಕೆಲವರು ನನ್ನ ಮುಖ ನೋಡಿ ಹೊರಟರು. ಕೊಡೆ ಮಾಮ ಜಗಲಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಒಂದು ಕೊಡೆ ಬಿಚ್ಚಿಕೊಂಡು. ಮಾಮಾ, ಏಳಿ, ಈ ಸಲ ನಿಜ ಎಂದೆ. ನಕ್ಕರು. "ಕೇಳಿದೆ ಕೇಳಿದೆ. ಈ ಸಲ ಹೊಸ ಥರ ಮಾಡ್ಸಿದಾರೆ, ಮನೆಮಂದಿ ಮಾತಾಡ್ದಂಗೆ. ಚೆನ್ನಾಗೇ ಇದೆ. ಆದ್ರೆ ನಾನು ಇನ್ನೊಂದ್ಸಲ ದಿಬ್ಬ ಹತ್ತೋನಲ್ಲ ತಾಯಿ, ನೀನು ಹೋಗಿ ಗಾಳಿ ಹೇಗಿದೆ ನೋಡ್ಕೊಂಡು ಬಾ" ಎಂದರು.

ಗಾಡಿಯಲ್ಲಿ ಅತ್ತೆ ಇದ್ದರು. ನಾನು ನಿಲ್ಲಲಿಲ್ಲ.

ಅವರ ಹೆಂಡತಿ ಅಂಗಡಿಗೆ ಹೋಗಿದ್ದವಳು ಆಚೆ ದಡದಲ್ಲೇ ಉಳಿದಳು. ಮಾಮ ಮರುದಿನ ಸೇತುವೆಯ ಕಂಬದ ಹತ್ತಿರ ಸಿಕ್ಕರು. ಅವತ್ತು ಜಗಲಿ ಬಿಟ್ಟು ಒಳಗೆ ಕೂತಿದ್ದರಲ್ಲ ಅಕ್ಕ, ಅದರ ಹಿಂದಿನ ದಿನ ನಾನು ನಗಬಾರದಿತ್ತು.

ಮಿಡತೆ


ಜುಲೈ 1

ಮಿಡತೆ,

ನಿನ್ನ ಕಾಗದ ಬಂದ ದಿನ ಮೈಕಿನ ಮುಂದೆ ಕೂತು ನೀರು ಕೇಳಿದೆ. ಕೊಟ್ಟರು. ಕುಡಿಯಲಾಗಲಿಲ್ಲ.

ಹಾಳೆಯಲ್ಲಿ ಇಲ್ಲದ್ದನ್ನು ಓದಿದ್ದಕ್ಕೆ ನನಗೆ ನೋಟಿಸು ಬಂದಿದೆ. ಮುಖ್ಯಸ್ಥರೇ ಕೊಟ್ಟು, "ಒಳ್ಳೇದೇ ಆಯ್ತು, ಆದ್ರೆ ಇನ್ನೊಂದ್ಸಲ ಬೇಡ" ಎಂದರು. ಮೈಕಿನಿಂದ ಇಳಿಸಿಲ್ಲ. ಓದುವವರು ಬೇರೆ ಯಾರೂ ಇಲ್ಲ.

ಮರುವಾರವೇ ಗೋಡೆಯ ಪಕ್ಷದ ಜಾಹೀರಾತಿನವನು ಬಂದ. ಮೊದಲ ಸುತ್ತಿನಲ್ಲಿ ಯಾರೂ ಗೆಲ್ಲದೆ ಎರಡನೆಯ ಸುತ್ತಿನ ಮತದಾನ ಬಂದಿದೆಯಲ್ಲ, ಅದಕ್ಕೆ ಹೊಸದು ಬೇಕಂತೆ. "ಓದೋ ದನಿ ಬೇಡ ಮೇಡಂ. ತಂಗೀನ ಕರೆದ್ರಲ್ಲ, ಆ ದನಿ ಬೇಕು" ಎಂದ. ಕೆಟ್ಟವನೇನಲ್ಲ, ನಾಚಿಕೊಂಡೇ ಕೇಳಿದ. ಕೊಡೆ ಮಾಮ ಹೇಳಿದ್ದು ಸುಳ್ಳಲ್ಲ ಮಿಡತೆ, ಸ್ವಲ್ಪ ಬೇಗ ಹೇಳಿದರು ಅಷ್ಟೇ. ಆಗುವುದಿಲ್ಲ ಎಂದೆ. ಹಾಗಾದರೆ ಹಳೆಯದನ್ನೇ ಹಾಕುತ್ತೇವೆ ಎಂದ. ಅದು ಅವರದು, ನಾನು ತಡೆಯುವ ಹಾಗಿಲ್ಲ.

ಮಸೂದೆಯ ಸಮಿತಿ ನನ್ನನ್ನು ಕರೆದಿತ್ತು. ಅಧ್ಯಕ್ಷೆ ತಾಳ್ಮೆಯ ಹೆಂಗಸು. ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ ಕೇಳಿದರು, "ಹಾಗಾದ್ರೆ ನಿಷೇಧ ಬೇಕು ಅಂತೀರಾ?"

"ಬೇಕು."

"ಗೋಡೆ ಜಾಹೀರಾತು ನಿಜವೇ ಹೇಳ್ತಿತ್ತು ಅಂದ್ರಿ. ಅದೂ ಸೇರಿ?"

ನಿನ್ನ ಹಿತ್ತಿಲು, ಅತ್ತೆಯ ಗಾಡಿ ಕಣ್ಣ ಮುಂದೆ ಬಂತು. ಆ ಜಾಹೀರಾತಿಲ್ಲದೆ ಗೋಡೆಯನ್ನು ಯಾರು ಕೇಳುತ್ತಿದ್ದರು ಎಂದು ನನಗೆ ಈಗಲೂ ಗೊತ್ತಿಲ್ಲ. "ಅದೂ ಸೇರಿ" ಎಂದೆ. ಆ ಎರಡು ಪದ ಹೇಳುವಾಗ ನನ್ನ ದನಿ ಒಡೆಯಿತು, ಅವರು ಮತ್ತೊಮ್ಮೆ ಹೇಳಿಸಿದರು. ತೀರ್ಮಾನ ಎರಡನೆಯ ಸುತ್ತು ಮುಗಿದ ಮೇಲಂತೆ.

ಒಂದು ಕೇಳಬೇಕು. ನಿನ್ನನ್ನು ಕರೆಯಲು ನನ್ನ ಹತ್ತಿರ ಒಂದು ಹೆಸರಿತ್ತು. ಪಕ್ಕದ ಮನೆಯವರದು ಇರಲಿಲ್ಲ. ಕೊಡೆ ಮಾಮನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು? ತಿಳಿದು ಈಗೇನು ಮಾಡುತ್ತೇನೆ ಎಂದು ಕೇಳಬೇಡ.

ಅಕ್ಕ


ಜುಲೈ 17

ಅಕ್ಕಾ,

ಕೆಸರು ಎತ್ತಿಹಾಕಿ ಲಾಂಡ್ರಿ ಮತ್ತೆ ಶುರುವಾಗಿದೆ. ಮಾಮನ ಹೆಂಡತಿ ಹಗಲಿಡೀ ನಮ್ಮಲ್ಲೇ ಇರುತ್ತಾಳೆ, ಅತ್ತೆಯ ಜೊತೆ ಕೂತು ದಿಂಬಿನ ಚೀಲ ಮಡಚುತ್ತಾಳೆ. ಮಾತು ಕಡಿಮೆ.

ನೀನು ಕೇಳಿದ್ದನ್ನು ಕೇಳಿದೆ. "ಹೆಸರು ಹಿಡಿದು ಕರೆಯೋರು ಅವ್ರಿಗೆ ಯಾರೂ ಉಳಿದಿರ್ಲಿಲ್ಲ. ನಾನು 'ರೀ' ಅಂತಿದ್ದೆ. ಅಷ್ಟೇ" ಎಂದಳು. ಆಮೇಲೆ, "ನಾನಿದ್ದು 'ರೀ, ಬನ್ರೀ' ಅಂದಿದ್ರೆ ಬಯ್ಕೊಂಡಾದ್ರೂ ಬರ್ತಿದ್ರು" ಎಂದಳು. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ನಿನ್ನೆ ಮಧ್ಯಾಹ್ನ ನಿನ್ನ ದನಿ ಬಂತು. "ನದಿಯಂಚಿನವರ ಗಮನಕ್ಕೆ." ಗೋಡೆಯ ಹಳೆಯ ಜಾಹೀರಾತೇ. ನನಗೆ ಮೊದಲ ಉಸಿರಿಗೇ ಗೊತ್ತಾಯಿತು, ಅತ್ತೆಗೂ ಗೊತ್ತಾಯಿತು. ಆದರೆ ಮಾಮನ ಹೆಂಡತಿ ಚೀಲ ಅಲ್ಲೇ ಬಿಟ್ಟು ಎದ್ದು ಬೀದಿಗೆ ಓಡಿದಳು. ಒಂದೊಂದೇ ಬಾಗಿಲು ತಟ್ಟುತ್ತಾ "ರೀ, ಏಳ್ರೀ, ಹೊರಡ್ರೀ" ಎಂದು ಕೂಗುತ್ತಾ ಓಣಿಯ ತುದಿಯವರೆಗೆ ಹೋದಳು. ಚಪ್ಪಲಿಯೂ ಇರಲಿಲ್ಲ. ಒಳಗೆ ರೇಡಿಯೊದಲ್ಲಿ ನೀನು ಮತ ಕೇಳುತ್ತಿದ್ದೆ.

ಬಾಗಿಲುಗಳು ತೆರೆದವು. ಯಾರೂ ನಗಲಿಲ್ಲ ಅಕ್ಕ. ಜಾಹೀರಾತು ಎಂದು ಅವಳಿಗೆ ಯಾರೂ ಹೇಳಲೂ ಇಲ್ಲ.

ಅತ್ತೆ ನನ್ನ ಕಡೆ ನೋಡಿ "ಗಾಡಿ ತಾ" ಎಂದರು. ಓಣಿಯವರೆಲ್ಲ ಅವಳ ಹಿಂದೆ ದಿಬ್ಬ ಹತ್ತಿದೆವು.

ನಿನ್ನ ಮಿಡತೆ